ಕುಂತಿ ಬೆಟ್ಟದಲ್ಲಿ ಕುಂತೆ

“ಭಾವ, ಇದು ಹೊಸಬರಿಗೇ ಅಂತ ಮಾಡಿರೋದು. ಸುಮ್ನೆ ಬನ್ನಿ,” ಎಂದ ನನ್ನ ಭಾಮೈದ. ಒಂದಿಷ್ಟು ಚಾರಣ, ಒಂದಿಷ್ಟು ಸೈಕಲ್, ಕೊನೆಗೆ ದೋಣಿ. ಹೊರಟ 4 ಗಂಟೆಯೊಳಗೆ ಮುಗಿಸಿದರೆ ಆಯಿತಂತೆ. ಅಡ್ವೆಂಚರ್ ರೇಸ್ ಅಂತ ಇದಕ್ಕೆ ಹೆಸರು. ಮೈಸೂರಿನವನಾಗಿ ನಾನೂ ವಾರಕ್ಕೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ಸಾವಿರವೂ ಅಲ್ಲ, ನಂದಿವರೆಗೆ. ಇಳಿದ ಮೇಲೆ ದೋಸೆ. ಇಷ್ಟು ಅಭ್ಯಾಸ ಸಾಕು ಅನ್ನಿಸಿತು.

ಭಾನುವಾರ ಬೆಳಗ್ಗೆ ಆರಕ್ಕೆ ಪಾಂಡವಪುರದ ಹತ್ತಿರ ಕುಂತಿ ಬೆಟ್ಟದ ಬುಡದಲ್ಲಿದ್ದೆವು. ಹೆಲ್ಮೆಟ್, ಸೀಟಿ, ಬ್ಯಾಂಡೇಜು ಎಲ್ಲ ಇದೆಯಾ ಅಂತ ನೋಡಿದರು. ತಂಡಕ್ಕೊಂದು ಮೊಬೈಲು. ಅದನ್ನೂ ಕವರಿನಲ್ಲಿ ಹಾಕಿ ಅಂಟಿಸಿದರು. ಪ್ರಾಣಕ್ಕೆ ಬಂದರೆ ಮಾತ್ರ ಹರಿಯಬೇಕು. ಜೋಪಾನವಾಗಿ ಶರ್ಟಿನ ಜೇಬಿಗೆ ಇಟ್ಟುಕೊಂಡೆ. ಆಮೇಲೆ ಒಂದು ನಕ್ಷೆ, ಒಂದು ಕಂಪಾಸು, ಒಂದು ಕಾರ್ಡು ಕೈಗೆ ಬಂತು. ಕಾರ್ಡಿಗೆ ಪಾಸ್‌ಪೋರ್ಟ್ ಅಂತಾರೆ. ನಕ್ಷೆಯಲ್ಲಿ ಗುರುತಿರುವ ಕಡೆಯೆಲ್ಲ ಕಿತ್ತಳೆ-ಬಿಳಿ ಬಾವುಟ ಕಟ್ಟಿರುತ್ತಾರೆ, ಜೊತೆಗೆ ಸ್ಟೇಪ್ಲರ್‌ನಂಥ ಒಂದು ಪಂಚ್. ಒತ್ತಿದರೆ ಕಾರ್ಡಿನ ಮೇಲೆ ಸೂಜಿ ತೂತುಗಳ ರಂಗೋಲಿ ಬೀಳುತ್ತದೆ. ಒಂದೊಂದು ಕಡೆಯದು ಒಂದೊಂದು ಥರ. ಹೋಗದೇ ಹೋದೆ ಅನ್ನೋ ಹಾಗಿಲ್ಲ.

ಓಡಬೇಕಲ್ಲಪ್ಪಾ ಅಂತ ವಾರವೆಲ್ಲ ಹೆದರಿದ್ದೆ. ಓಡುವ ಪ್ರಸಂಗವೇ ಬರಲಿಲ್ಲ. ಎತ್ತ ಓಡಬೇಕು ಅಂತ ಗೊತ್ತಾದರೆ ತಾನೇ?

ನಕ್ಷೆಯ ತುಂಬ ಕಂದು ಗೆರೆಗಳು. ಒಂದು ಕಡೆ ಒತ್ತೊತ್ತಾಗಿದ್ದವು. “ಇಲ್ಲಿ ದಾರಿ ಜಾಸ್ತಿ ಇದೆ ಕಣೋ,” ಎಂದು ಅತ್ತಲೇ ನುಗ್ಗಿದೆ. ಅವು ದಾರಿಗಳಲ್ಲ, ಎತ್ತರ ತೋರಿಸುವ ಗೆರೆಗಳು, ಒತ್ತಾದಷ್ಟೂ ಕಡಿದು ಅಂತ ತಿಳಿದದ್ದು ಬಂಡೆಯೊಂದನ್ನು ತಬ್ಬಿಕೊಂಡು ನಿಂತಾಗ. ಪಾಂಡವರು ವನವಾಸದಲ್ಲಿ ತಾಯಿ ಜೊತೆ ಇಲ್ಲಿದ್ದರು ಅಂತ ಪ್ರತೀತಿ. ಆ ತಾಯಿ ಹೇಗೆ ಹತ್ತಿದಳೋ, ನಾನಂತೂ ಕುಂತಿ ಬೆಟ್ಟದಲ್ಲಿ ಕುಂತೇ ಬಿಟ್ಟೆ. ತಂಡದವರು ಒಟ್ಟಿಗೇ ಇರಬೇಕು ಅನ್ನೋದು ನಿಯಮ. ಭಾಮೈದನೂ ಮುಖ ಗಂಟಿಕ್ಕಿಕೊಂಡು ಪಕ್ಕದಲ್ಲಿ ಕುಂತ.

ಸೈಕಲ್ ಹತ್ತಿದ ಮೇಲೆ ಕಂಪಾಸನ್ನು ಎದೆಗೆ ಹಿಡಿದು ನಾನೇ ದಾರಿ ತೋರಿಸಿದೆ. ನಾಲೆ ಏರಿ ಮುಗಿದು ಕಬ್ಬಿನ ಗದ್ದೆ ಬಂತು. ಬದುವಿನ ಮೇಲೆ ಎತ್ತು ಮೇಯಿಸುತ್ತಿದ್ದ ಅಜ್ಜ ಕೇಳಿದರು, “ಎತ್ತಾಗ್ ಓಯ್ತಿದ್ದೀರಿ ಸ್ವಾಮಿ?”

“ಉತ್ತರಕ್ಕೆ.”

ಅಜ್ಜ ನನ್ನನ್ನೊಮ್ಮೆ, ಸೂರ್ಯನನ್ನೊಮ್ಮೆ ನೋಡಿದರು. “ಇದು ಪಡುವ್ಲು. ಬಡಗ್ಲು ಅತ್ತಾಗದೆ.”

“ಇಲ್ಲ ಯಜಮಾನ್ರೇ, ಯಂತ್ರ ತೋರಿಸ್ತಾ ಇದೆ,” ಎಂದು ತಾಳ್ಮೆಯಿಂದ ತಿಳಿಹೇಳಿದೆ. ಅವರು ಎತ್ತಿನ ಬೆನ್ನು ಸವರಿದರು.

ಮುಕ್ಕಾಲು ಗಂಟೆ ಅಲೆದರೂ ಬಾವುಟ ಸಿಗಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಮೂಗು. ಬೆಲ್ಲ ಕಾಯುವ ವಾಸನೆ ಹಿಡಿದು ಆಲೆಮನೆಗೆ ಹೋಗಿ ಎರಡೆರಡು ಲೋಟ ಕಬ್ಬಿನ ಹಾಲು ಕುಡಿದೆವು. ನೋಡಿದರೆ ಹಿಂದುಗಡೆ, ಸಿಪ್ಪೆ ರಾಶಿ ಪಕ್ಕದಲ್ಲಿ, ಬಾವುಟ!

ತೊಣ್ಣೂರು ಕೆರೆಗೆ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಅಂತಲೂ ಹೆಸರಿದೆ, ನೀರು ಅಷ್ಟು ತಿಳಿ. ಇಬ್ಬರು ಕೂರುವ ಕಯಾಕ್‌ನಲ್ಲಿ ತಿರುಗಿಸುವವನು ಹಿಂದೆ ಕೂರಬೇಕು. ಹಿಂದೆ ನಾನು ಕೂತೆ. ಅವನು ಎಡ ಅಂದಾಗ ನಾನೂ ಎಡಕ್ಕೇ ಹುಟ್ಟು ಹಾಕಿದೆ. ದೋಣಿ ಗುಂಡಗೆ ಪ್ರದಕ್ಷಿಣೆ ಬಂತು. ಮೂರನೇ ಸುತ್ತಿಗೆ ಅವನು ಎಡ-ಬಲ ಹೇಳೋದೇ ಬಿಟ್ಟ. ಅಷ್ಟರಲ್ಲಿ ಪ್ಯಾಂಟ್ ಜೇಬಿನಲ್ಲಿದ್ದ ಪಾಸ್‌ಪೋರ್ಟ್ ನೆನೆದು ಮುದ್ದೆಯಾಗಿತ್ತು. ಮಂಡ್ಯದ ನೀರಲ್ಲಿ ಇನ್ನೇನಾಗುತ್ತೆ ಹೇಳಿ?

ಹೊರಟ ನಾಲ್ಕೂವರೆ ಗಂಟೆಗೆ ದಡ ಸೇರಿದೆವು. ತಡವಾದ ಪ್ರತಿ ನಿಮಿಷಕ್ಕೂ ಅಂಕ ಕಳೆದರು. “ನಿಮ್ಮ ಕಂಪಾಸೇ ಸರಿಯಿಲ್ಲ,” ಎಂದು ರೇಗಿದೆ. ಮೇಜಿನ ಹಿಂದಿದ್ದ ಹುಡುಗಿ ಅದನ್ನು ದೂರ ಹಿಡಿದಳು. ಮುಳ್ಳು ಒಂದು ಕಡೆ ನಿಂತಿತು. ನನ್ನೆದೆ ಹತ್ತಿರ ತಂದಳು. ಮುಳ್ಳು ಸರಕ್ಕನೆ ತಿರುಗಿತು.

“ಅಂಕಲ್, ಜೇಬಲ್ಲಿ ಮೊಬೈಲಿದೆಯಾ? ಅದರ ಸ್ಪೀಕರಲ್ಲಿ ಮ್ಯಾಗ್ನೆಟ್ ಇರುತ್ತೆ.”

ಭಾಮೈದ ನನ್ನನ್ನು ಬಹಳ ಹೊತ್ತು ನೋಡಿದ.

“ನಿಮ್ಮಕ್ಕನಿಗೆ ಹೇಳ್ಬೇಡ ಕಣೋ,” ಎಂದೆ. ಅಷ್ಟರಲ್ಲಿ ಅವನು ನನ್ನ ಜೇಬಿಗೆ ಕೈ ಹಾಕಿ ಕವರು ಹರಿಯುತ್ತಿದ್ದ.