ಚಿಮಣಿ ಹಾರಿತು, ಭುರ್ರ್!

ಸೊಲ್ಲಾಪುರದ ಕಡೆ ಬೆಳೆದವರಿಗೆ ಒಂದು ಲಾಭ ಇದೆ. ಒಂದು ಶಬ್ದ ಕಲಿತರೆ ಮೂರು ಅರ್ಥ ಪುಕ್ಕಟೆ. ಚಿಮಣಿಯನ್ನೇ ತೆಗೆದುಕೊಳ್ಳಿ. ನಮ್ಮ ಮನೆಯ ಕನ್ನಡದಲ್ಲಿ ಚಿಮಣಿ ಅಂದರೆ ಸೀಮೆಎಣ್ಣೆಯ ದೀಪ. ಕರೆಂಟು ಹೋದ ಕೂಡಲೇ ಅವ್ವ ಹಚ್ಚಿ ಗೂಡಿನಲ್ಲಿ ಇಡುತ್ತಿದ್ದದ್ದು. ಓಣಿ ದಾಟಿ ಮರಾಠಿ ಗೆಳೆಯನ ಮನೆಗೆ ಹೋದರೆ ಅದೇ ಚಿಮಣಿ ಗುಬ್ಬಚ್ಚಿಯಾಗಿ ಹಾರುತ್ತಿತ್ತು. ಇನ್ನು ಸಕ್ಕರೆ ಕಾರ್ಖಾನೆಯ ಹೊಗೆ ಕೊಳವೆಗೆ ಎರಡೂ ಭಾಷೆಯವರು ಚಿಮಣಿ ಎಂದೇ ಅನ್ನುತ್ತೇವೆ. 1967ರಲ್ಲಿ ಕರ್ನಾಟಕ-ಮಹಾರಾಷ್ಟ್ರ ಗಡಿ ಜಗಳದ ಮೇಲೆ ಮಹಾಜನ ವರದಿ ಬಂದಾಗಿನಿಂದ ಎರಡೂ ಕಡೆಯವರು ತಕರಾರಿಲ್ಲದೆ ಒಪ್ಪಿಕೊಂಡದ್ದು ಬಹುಶಃ ಇದೊಂದೇ.

2023ರ ಜೂನ್ 15ರಂದು ಅದನ್ನೂ ಬೀಳಿಸಿದರು.

ಹೋಟಗಿ ರಸ್ತೆಯ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಅಲ್ಲಿ ಕಬ್ಬಿನ ಸಿಪ್ಪೆ ಸುಟ್ಟು ಕರೆಂಟು ತಯಾರಿಸುವ ಘಟಕ. ಅದರ ಚಿಮಣಿ ಸುಮಾರು 90 ಮೀಟರ್ ಎತ್ತರ. ವಿಮಾನ ಬಾವಿಗೆ ಬಿಟ್ಟ ಕೊಡದ ಹಾಗೆ ನೆಟ್ಟಗೆ ಇಳಿಯುವುದಿಲ್ಲ, ದೂರದಿಂದ ಇಳಿಜಾರಿನಲ್ಲಿ ಬರುತ್ತದೆ. ಹಾಗಾಗಿ ರನ್‌ವೇಯಿಂದ ಎಷ್ಟು ದೂರದಲ್ಲಿ ಎಷ್ಟು ಎತ್ತರ ಕಟ್ಟಬಹುದು ಎಂಬುದಕ್ಕೆ ಲೆಕ್ಕ ಇರುತ್ತದೆ. ಚಿಮಣಿ ಆ ಲೆಕ್ಕ ತಪ್ಪಿಸಿತು. ಅನುಮತಿ ಇಲ್ಲದೆ ಕಟ್ಟಿದ್ದು ಎಂದು ಮಹಾನಗರ ಪಾಲಿಕೆ ಹೇಳಿತು. ನಿಯಮ ನಿಯಮವೇ, ಅದಕ್ಕೆ ನನ್ನ ತಕರಾರಿಲ್ಲ. ನನ್ನದು ಸಣ್ಣ ಸಂಶಯ. 90 ಮೀಟರ್ ಅಂದರೆ ಹೆಚ್ಚುಕಡಿಮೆ ಮೂವತ್ತು ಅಂತಸ್ತು. ಮಳೆ ಬಿದ್ದ ರಾತ್ರಿ ಏಳುವ ಅಣಬೆ ಅಲ್ಲ ಅದು. ವಿಮಾನ ನಿಲ್ದಾಣದ ಪಕ್ಕದಲ್ಲೇ ದಿನಾ ಇಷ್ಟಿಷ್ಟು ಮೇಲೇರುತ್ತಿದ್ದಾಗ ಯಾವ ಸಾಹೇಬರೂ ಕತ್ತೆತ್ತಿ ನೋಡಲಿಲ್ಲವಾ? ಫೈಲು ನೋಡುತ್ತಿದ್ದರೇನೋ. ಫೈಲು ನೋಡುವಾಗ ಕತ್ತು ಕೆಳಗೇ ಇರುತ್ತದೆ.

ಆಮೇಲೆ ಕೋರ್ಟು, ಉಪವಾಸ, ಮೋರ್ಚಾ. ಚಿಮಣಿ ಬೀಳಿಸಿ ಎಂದು ಪೇಟೆಯವರು ಕೂತರು. ಮುಟ್ಟಿ ನೋಡಿ ಎಂದು ಕಬ್ಬಿನವರು ಎದ್ದರು. ವರ್ಷಗಟ್ಟಲೆ ಇದೇ ನಡೆಯಿತು.

ಆ ವರ್ಷಗಳಲ್ಲಿ ಚಿಮಣಿ ಹೊಗೆ ಬಿಡುವುದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತಿತ್ತು. ಊರಿನ ತಪ್ಪೆಲ್ಲ ತಾನೊಂದೇ ಹೊರುತ್ತಿತ್ತು. ಐಟಿ ಕಂಪನಿ ಯಾಕೆ ಬರಲಿಲ್ಲ? ಚಿಮಣಿ. ಹುಡುಗರು ಇಂಜಿನಿಯರಿಂಗ್ ಮುಗಿಸಿ ಪುಣೆಗೆ ಯಾಕೆ ಓಡುತ್ತಾರೆ? ಚಿಮಣಿ. ಚಾದರ ನೇಯುವ ಮಗ್ಗ ಯಾಕೆ ಕುಂಟುತ್ತಿದೆ? ಅದಕ್ಕೂ ಚಿಮಣಿಯೇ, ಅಲ್ವಾ? ವಿಮಾನ ಇದ್ದಿದ್ದರೆ ಚಾದರ ತಾನೇ ಹಾರಿಕೊಂಡು ಹೋಗುತ್ತಿತ್ತು. ನಳಕ್ಕೆ ನಾಲ್ಕೈದು ದಿನಕ್ಕೊಮ್ಮೆ ನೀರು ಬರುವುದಕ್ಕೆ ಮಾತ್ರ ಯಾರೂ ಚಿಮಣಿಯನ್ನು ಬೈದಿರಲಿಲ್ಲ. ಇನ್ನೊಂದು ವರ್ಷ ನಿಂತಿದ್ದರೆ ಅದನ್ನೂ ಅದರ ತಲೆಗೇ ಕಟ್ಟುತ್ತಿದ್ದರು. ಇಷ್ಟು ಉಪಯೋಗದ ವಸ್ತುವನ್ನು ಯಾರಾದರೂ ಒಡೆಯುತ್ತಾರಾ? ಒಡೆದರು.

ನಮ್ಮ ಕಾಕಾ ಅಕ್ಕಲಕೋಟೆ ತಾಲೂಕಿನಲ್ಲಿ ಕಬ್ಬು ಬೆಳೆಯುವವರು. ಅವತ್ತು ಹೊಲಕ್ಕೆ ಹೋಗದೆ ಟಿವಿ ಮುಂದೆ ಕೂತಿದ್ದರು. ಊರ ತುಂಬ ಪೊಲೀಸ್ ಬಂದೋಬಸ್ತು. ಮದ್ದು ಸಿಡಿಯಿತು. ಕೆಲವೇ ಸೆಕೆಂಡು. ಆಮೇಲೆ ಬರೀ ಧೂಳು.

"ಹಾರಿತು ನೋಡು ಚಿಮಣಿ, ಭುರ್ರ್" ಎಂದರು ಕಾಕಾ, ಮರಾಠಿ ತಾಯಂದಿರು ಕೂಸಿಗೆ ಗುಬ್ಬಿ ತೋರಿಸಿ ಹೇಳುವ ಹಾಗೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಕೇಳಿದರು, "ಹಿಂದ ಒಂದು ವಿಮಾನ ಮುಂಬೈಗೆ ಹೋಗ್ತಿತ್ತಲ್ಲ ತಮ್ಮಾ. ಆಗ ಈ ಚಿಮಣಿ ಇರಲಿಲ್ಲ. ಅದ್ಯಾಕ ನಿಂತಿತು?"

ಉತ್ತರ ಗೊತ್ತಿತ್ತು. ಆಕಾಶ ಖಾಲಿ ಇದ್ದರೆ ಸಾಲದು, ಸೀಟು ತುಂಬಬೇಕು. ಆದರೆ ಊರೆಲ್ಲ ಪೇಡೆ ಹಂಚುವ ದಿನ ಇಂಥ ಮಾತು ಯಾರು ಆಡುತ್ತಾರೆ? ನಾನೂ ಆಡಲಿಲ್ಲ.

ಧೂಳು ಕೂತಿತು. ಆಕಾಶ ಖುಲ್ಲಾ ಆಯಿತು. ಜನ ಮೇಲೆ ನೋಡಿದರು. ವಿಮಾನ ಇಲ್ಲ. ಜುಲೈ ಬಂತು, ದೀಪಾವಳಿ ಬಂತು, ಕಬ್ಬು ನುರಿಸುವ ಹಂಗಾಮು ಬಂತು. ವಿಮಾನ ಬರಲಿಲ್ಲ. ಈಗ ಸಾಹೇಬರುಗಳಿಗೆ ನಿಜವಾದ ಕಷ್ಟ ಶುರುವಾಯಿತು. ಬೈಯುವುದಕ್ಕೆ ಏನೂ ಉಳಿದಿರಲಿಲ್ಲ. ಹುಡುಕಿದರು. ರನ್‌ವೇ ದುರಸ್ತಿ ಆಗಬೇಕು ಎಂದರು. ಕಾಂಪೌಂಡು ಆಗಬೇಕು, ಟರ್ಮಿನಲ್ ಆಗಬೇಕು, ಲೈಸೆನ್ಸ್ ಬರಬೇಕು ಎಂದರು. ಚಿಮಣಿಯ ಹಿಂದೆ ಇಷ್ಟೊಂದು ಬಾಕಿ ಕೆಲಸ ಅಡಗಿ ಕೂತಿತ್ತು ಅನ್ನುವುದು ಅದು ಬಿದ್ದ ಮೇಲೆಯೇ ಕಂಡಿತು. ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಎತ್ತುವ ಉದ್ದನೆಯ ನಂದಿಧ್ವಜದ ಕಡೆಗೂ ಯಾರೋ ಒಮ್ಮೆ ಕಣ್ಣು ಹಾಯಿಸಿರಬೇಕು. ಟೇಪು ಹಿಡಿಯುವ ಧೈರ್ಯ ಬರಲಿಲ್ಲ, ಅಷ್ಟೇ.

2024ರ ಸೆಪ್ಟೆಂಬರ್ 29ಕ್ಕೆ ಉದ್ಘಾಟನೆ ಆಯಿತು. ವಿಮಾನದ್ದಲ್ಲ, ನಿಲ್ದಾಣದ್ದು. ಪ್ರಧಾನಿಗಳು ದೂರದಿಂದಲೇ, ಪರದೆಯ ಮೇಲೆ ನೆರವೇರಿಸಿದರು. ಇಲ್ಲಿ ಹಾರ, ಪೇಟ, ಚಪ್ಪಾಳೆ. ಅಕ್ಟೋಬರ್ 15ಕ್ಕೆ ವಿಧಾನಸಭೆ ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಬಂತು. ಅಂದರೆ 16 ದಿನ ಮೊದಲೇ ಕೆಲಸ ಮುಗಿದಿತ್ತು. ನಮ್ಮಲ್ಲಿ ಯಾವ ಕೆಲಸವೂ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ವಿಮಾನ ಹಾರಲು ಲೈಸೆನ್ಸ್ ಬೇಕು. ಉದ್ಘಾಟನೆಗೆ ಯಾವ ಲೈಸೆನ್ಸೂ ಬೇಡ. ಹಂದರ ಹಾಕಿ, ಹುಗ್ಗಿ ಉಂಡು, ಕೈ ತೊಳೆದುಕೊಂಡು, ಆಮೇಲೆ ಹೆಣ್ಣು ನೋಡಲು ಹೊರಟ ಹಾಗೆ ಆಯಿತು ಇದು. ಇದೇ ಊರಿನಲ್ಲಿ, ಅದು ಇನ್ನೂ ಸೊನ್ನಲಿಗೆ ಆಗಿದ್ದಾಗ, 12ನೇ ಶತಮಾನದಲ್ಲಿ ಸಿದ್ಧರಾಮ ಕೆರೆ ಕಟ್ಟಿಸಿದ. ಮಣ್ಣು ಹೊರುವುದರಲ್ಲೇ ಮುಳುಗಿದ್ದಾನೆ ಎಂದು ಅಲ್ಲಮಪ್ರಭು ಬಂದು ಅವನನ್ನು ಮೂದಲಿಸಿದ ಕತೆ ನಿಮಗೆ ಗೊತ್ತೇ ಇದೆ. ಈಗ ಅಲ್ಲಮ ಬಂದರೆ ಮೂದಲಿಸಲು ಒಬ್ಬರೂ ಸಿಗುವುದಿಲ್ಲ. ಆಗ ಗುಂಡಿ ತೋಡುತ್ತಿದ್ದರು, ಈಗ ಗುಂಡಿ ಒತ್ತುತ್ತಾರೆ.

ಗುಂಡಿ ಒತ್ತಿ 8 ತಿಂಗಳು 11 ದಿನ ಆದ ಮೇಲೆ, 2025ರ ಜೂನ್ 9ರಂದು, ಮೊದಲ ವಿಮಾನ ಬಂತು. ಚಿಮಣಿಯ ಎರಡನೇ ವರ್ಷದ ತಿಥಿಗೆ ಇನ್ನು ಆರೇ ದಿನ ಬಾಕಿ ಇತ್ತು. ಎಲ್ಲಿಗೆ ಹೋಗುವ ವಿಮಾನ ಅಂದುಕೊಂಡಿರಿ? ಗೋವಾಕ್ಕೆ.

"ಗೋವಾದಾಗ ನನ್ನದೇನು ಕೆಲಸ?" ಎಂದರು ಕಾಕಾ. "ದವಾಖಾನೆ ಅಂದ್ರ ಪುಣೆ. ಮಂತ್ರಾಲಯ ಅಂದ್ರ ಮುಂಬೈ."

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಕನ್ನಡದವರಿಗೆ ಮಂತ್ರಾಲಯ ಅಂದರೆ ರಾಯರ ಸನ್ನಿಧಿ. ಮಹಾರಾಷ್ಟ್ರದಲ್ಲಿ ಮಂತ್ರಾಲಯ ಅಂದರೆ ಸರ್ಕಾರದ ದೊಡ್ಡ ಕಚೇರಿ. ಎರಡೂ ಕಡೆ ಸೇವೆ ಸಲ್ಲಿಸಬೇಕು, ಸಾಲಿನಲ್ಲಿ ನಿಲ್ಲಬೇಕು. ರಾಯರ ಕಡೆ ಪ್ರಸಾದ ಖಾತ್ರಿ. ಅದೊಂದೇ ವ್ಯತ್ಯಾಸ.

ಮುಂಬೈ ವಿಮಾನವೂ ಬಂತು, ಸುಳ್ಳು ಹೇಳಬಾರದು. 2025ರ ಅಕ್ಟೋಬರ್ 15ಕ್ಕೆ. ಆದರೆ ಅದಕ್ಕೆ ಮೊದಲು ರಾಜ್ಯ ಸರ್ಕಾರ ಸೀಟಿಗೆ ಇಷ್ಟು ಅಂತ ಕೈಯಿಂದ ಹಾಕಲು ಒಪ್ಪಬೇಕಾಯಿತು. ವಿಮಾನದವರಿಗೆ ಆಗುವ ಖರ್ಚಿಗೂ ಪ್ರಯಾಣಿಕ ಕೊಡುವ ಟಿಕೆಟ್ಟಿಗೂ ಇರುವ ಅಂತರ ತುಂಬಿಸುವ ದುಡ್ಡು ಅದು. ಕೇಂದ್ರದ ಉಡಾನ್ ಯೋಜನೆಯೂ ನಿಂತಿರುವುದು ಇದರ ಮೇಲೆಯೇ. 2017ರ ಏಪ್ರಿಲ್‌ನಲ್ಲಿ ಶಿಮ್ಲಾದಿಂದ ದೆಹಲಿಗೆ ಮೊದಲ ಉಡಾನ್ ವಿಮಾನ ಹಾರಿತು. ಸುಮಾರು ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿ, ಅದೂ ಕೆಲವು ಸೀಟಿಗೆ. ಹವಾಯಿ ಚಪ್ಪಲಿ ಹಾಕಿದವರೂ ಹವಾಯಿ ಜಹಾಜು ಹತ್ತಬೇಕು ಎಂಬುದು ಘೋಷಣೆ. ಕಾಕಾನಿಗೆ ಹೇಳಿದೆ. "ನನ್ನದು ಕೊಲ್ಹಾಪುರಿ. ನಡೀತದೇನು?" ಎಂದರು.

ನಡೆಯುತ್ತದೋ ಇಲ್ಲವೋ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2023ರ ವರದಿಯಲ್ಲಿ ಲೆಕ್ಕ ಹಾಕಿ ಇಟ್ಟಿದೆ. ಉಡಾನ್‌ನ ಮೊದಲ ಮೂರು ಸುತ್ತಿನಲ್ಲಿ ಹಂಚಿದ ಮಾರ್ಗ 774. ಅದರಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಸಹಾಯಧನದ ಮೂರು ವರ್ಷ ಪೂರೈಸಿದ್ದು 112. ಮೂರು ವರ್ಷ ಕಳೆದು, ಸಹಾಯಧನ ನಿಂತ ಮೇಲೂ ಹಾರುತ್ತಿದ್ದದ್ದು 54.

ಈ ಲೆಕ್ಕ ಪೇಟೆಯವರಿಗೆ ಅಷ್ಟು ಬೇಗ ಹತ್ತುವುದಿಲ್ಲ. ಕಾಕಾನಿಗೆ ಒಂದೇ ಸಲಕ್ಕೆ ಹತ್ತಿತು. ಕಬ್ಬಿನ ಲೆಕ್ಕ ಇದು. 774 ತುಂಡು ಬೀಜ ನೆಟ್ಟರೆ ಅರ್ಧಕ್ಕಿಂತ ಜಾಸ್ತಿ ಮೊಳಕೆಯೇ ಒಡೆಯಲಿಲ್ಲ. ಮೊಳೆತದ್ದರಲ್ಲಿ ಮೂರನೇ ವರ್ಷದ ಕೂಳೆಯವರೆಗೆ ಉಳಿದದ್ದು 112. ಗೊಬ್ಬರ ನಿಲ್ಲಿಸಿದ ಮೇಲೆ 54. "ಇಂಥಾ ಬೀಜ ಕೊಟ್ಟ ಸೊಸೈಟಿಯವನನ್ನ ಊರಾಗ ತಿರಗಾಡಲಿಕ್ಕ ಬಿಡ್ತಾರೇನು?" ಎಂದು ಕೇಳಿದರು. ಬಿಡುವುದಿಲ್ಲ. ಆದರೆ ಇದು ಸೊಸೈಟಿ ಅಲ್ಲವಲ್ಲ, ಆಕಾಶ. ಆಕಾಶದಲ್ಲಿ ಬೆಳೆ ಒಣಗಿದರೆ ಯಾರಿಗೂ ಕಾಣುವುದಿಲ್ಲ.

ಈ ಗದ್ದಲದ ನಡುವೆ ಸಿದ್ಧೇಶ್ವರ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ಮುಂಬೈ ಮುಟ್ಟುತ್ತಲೇ ಇತ್ತು. ಹುತಾತ್ಮಾ ಎಕ್ಸ್‌ಪ್ರೆಸ್ ಪುಣೆಗೆ ಹೋಗಿ ಬರುತ್ತಲೇ ಇತ್ತು. ಚಿಮಣಿ ಬೀಳುವ ನಾಲ್ಕು ತಿಂಗಳು ಮೊದಲು, 2023ರ ಫೆಬ್ರವರಿಯಲ್ಲಿ, ಮುಂಬೈಗೆ ವಂದೇ ಭಾರತ್ ರೈಲೂ ಬಂತು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹತ್ತಿದರೆ ಯಾರೂ ಚೀಲ ತೂಗುವುದಿಲ್ಲ. ಆದರೆ ರೈಲಿನಿಂದ ಊರಿಗೆ ಏನು ಮರ್ಯಾದೆ? ರೈಲು ಎಲ್ಲ ಊರಿಗೂ ಬರುತ್ತದೆ. ಪಕ್ಕದ ಕಲಬುರಗಿಗೆ 2019ರಲ್ಲೇ ವಿಮಾನ ಬಂದಿತ್ತು. ನೋವು ಅದರದ್ದು.

ಹೋಟಗಿ ರಸ್ತೆಯದು ಏನೇ ಆದರೂ ಸಣ್ಣ ನಿಲ್ದಾಣ. ದೊಡ್ಡದು ಬೋರಾಮಣಿಯಲ್ಲಿ ಆಗಬೇಕು, ಅಂತರರಾಷ್ಟ್ರೀಯ. ಹೈದರಾಬಾದ್ ರಸ್ತೆಯಲ್ಲಿ ರೈತರ ಜಮೀನು ತೆಗೆದುಕೊಂಡು ವರ್ಷಗಳೇ ಆದವು. ಆದರೆ ನಡುವೆ ಅರಣ್ಯ ಇಲಾಖೆಯ ಒಂದಿಷ್ಟು ಜಾಗ ಸಿಕ್ಕಿಕೊಂಡಿದೆ, ಮತ್ತು ಈ ಸೀಮೆಯಲ್ಲಿ ಒಂದು ಹಕ್ಕಿ ಇದೆ. ಮರಾಠಿಯಲ್ಲಿ ಮಾಳಢೋಕ್, ನಮ್ಮ ಕಡೆ ಎರೆಭೂತ. ಎರೆ ಹೊಲದಲ್ಲಿ ಮನುಷ್ಯನ ಹಾಗೆ ನೆಟ್ಟಗೆ ನಿಂತು ಹೆದರಿಸುವುದಕ್ಕೆ ಆ ಹೆಸರು ಬಂದಿರಬೇಕು. ಗಂಡು ಹಕ್ಕಿ 15 ಕೆಜಿವರೆಗೆ ತೂಗುತ್ತದೆ. ಹಾರುವ ಹಕ್ಕಿಗಳಲ್ಲೇ ಇದು ಬಲು ಭಾರದ್ದು. ಆದರೂ ಸಹಾಯಧನ ಇಲ್ಲದೆ ಹಾರುತ್ತದೆ.

ನಾನ್ನಜ ಸುತ್ತಲಿನ ಅದರ ಅಭಯಾರಣ್ಯ ಮೊದಲು ಕಾಗದದ ಮೇಲೆ 8,000 ಚದರ ಕಿಲೋಮೀಟರಿಗೂ ಜಾಸ್ತಿ ಇತ್ತು. ಕತ್ತರಿಸಿ ಕತ್ತರಿಸಿ ಈಗ ಸುಮಾರು 1,200 ಉಳಿದಿದೆ. ಹಕ್ಕಿಯದಂತೂ ಎಣಿಕೆಯೇ ಮುಗಿದ ಹಾಗಿದೆ. ಒಂದು ಕಂಡರೆ ಪೇಪರಿನಲ್ಲಿ ಫೋಟೋ ಬರುತ್ತದೆ. ಒಂದು ಸಾಮ್ರಾಜ್ಯ ಕಳೆದುಕೊಂಡು, ಮಕ್ಕಳು ಮರಿ ಕಳೆದುಕೊಂಡು, ಕೊನೆಗೆ ಒಂಟಿಯಾಗಿ ನಿಂತ ಹಕ್ಕಿಗೆ ಈಗ ಹೊಸ ನೌಕರಿ ಸಿಕ್ಕಿದೆ. ಅಂತರರಾಷ್ಟ್ರೀಯ ವಿಮಾನ ಯಾಕೆ ಬರಲಿಲ್ಲ? ಮಾಳಢೋಕ್. ಮೊದಲು ಗುಬ್ಬಿಯ ಹೆಸರಿನದು ಅಡ್ಡ ಇತ್ತು, ಈಗ ದೊಡ್ಡ ಹಕ್ಕಿಯೇ ಅಡ್ಡ ಬಂದಿದೆ. ನಿಲ್ದಾಣ ದೊಡ್ಡದಾದರೆ ನೆಪವೂ ಅದಕ್ಕೆ ತಕ್ಕಂತೆ ಇರಬೇಕಲ್ಲ. ಒಂದು ಸಮಾಧಾನ ಏನೆಂದರೆ ಹಕ್ಕಿಗೆ ಯಾರೂ ಮದ್ದು ಇಡಬೇಕಾಗಿಲ್ಲ. ಅದು ತಾನಾಗಿಯೇ ಮುಗಿಯುತ್ತಿದೆ. ಅದು ಮುಗಿದ ಮೇಲೆ ಸಾಹೇಬರು ಯಾರನ್ನು ಬೈಯುತ್ತಾರೆ ಎಂಬುದೇ ನನ್ನ ಚಿಂತೆ.

2022ರ ಕೊನೆಗೆ ಗಡಿ ಗದ್ದಲ ಮತ್ತೆ ಎದ್ದಾಗ ಅಕ್ಕಲಕೋಟೆ, ಜತ್ತ ತಾಲೂಕಿನ ಕೆಲವು ಹಳ್ಳಿಯವರು ರಸ್ತೆ ಕೊಡಿ, ನೀರು ಕೊಡಿ, ಇಲ್ಲದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂದಿದ್ದರು. ಅವರು ರಸ್ತೆ ಕೇಳಿದರು, ಇವರು ವಿಮಾನ ತಂದರು. ಅದರಲ್ಲೂ ಒಂದು ಬುದ್ಧಿ ಇದೆ. ಅಷ್ಟು ಮೇಲಿನಿಂದ ನೋಡಿದರೆ ರಸ್ತೆಯ ಹೊಂಡ ಕಾಣುವುದಿಲ್ಲ.

ಮೊನ್ನೆ ಕಾಕಾ ಮತ್ತು ನಾನು ಊರ ಫಾಟಾದಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಕಾಕಾನ ಕಣ್ಣಿಗೆ ಪೊರೆ ಬಂದಿದೆ, ಸೊಲ್ಲಾಪುರದಲ್ಲಿ ಡಾಕ್ಟರಿಗೆ ತೋರಿಸಬೇಕಿತ್ತು. ಹತ್ತಕ್ಕೆ ಬರಬೇಕಾದ ಬಸ್ಸು ಹನ್ನೊಂದೂವರೆ ಆದರೂ ಇಲ್ಲ. ಅಷ್ಟರಲ್ಲಿ ಮೇಲೆ ಸದ್ದಾಯಿತು. ಪಕ್ಕದಲ್ಲಿದ್ದ ಶಾಲೆ ಹುಡುಗ "ವಿಮಾನ, ವಿಮಾನ" ಎಂದು ಕೂಗಿದ. ನಾನೂ ಕೈ ಅಡ್ಡ ಹಿಡಿದು ನೋಡಿದೆ. ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಚೆಂದವೇ ಇತ್ತು.

"ಕಾಕಾ, ನೋಡ್ರಿ" ಎಂದೆ.

"ನನಗ ಅಷ್ಟು ದೂರದ್ದು ಕಾಣೂದಿಲ್ಲ" ಎಂದರು ಕಾಕಾ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ನೀನೂ ಮ್ಯಾಲೆ ನೋಡಬ್ಯಾಡ. ಬಸ್ಸು ಬಂತು."

ಬಂತು. ಬಾಗಿಲಿನವರೆಗೂ ಜನ. ಕಂಡಕ್ಟರ್ ಕಿಟಕಿಯಿಂದ ಕೈ ಹೊರಗೆ ಹಾಕಿ ಹಿಂದೆ ಇನ್ನೊಂದು ಬಸ್ಸು ಇದೆ ಎಂಬಂತೆ ತೋರಿಸಿದ. ಹಿಂದೆ ಏನೂ ಇರಲಿಲ್ಲ. ಬಸ್ಸು ನಿಲ್ಲದೆ, ಧೂಳೆಬ್ಬಿಸಿಕೊಂಡು, ಭುರ್ರ್.