ಮಾಳಿಗೆಯ ಮೇಲಿನ ಕೆರೆ

“ರೀ, ಮೇಲಿನ ಕೆರೆ ತುಂಬಿದೆ. ಬಾಗಿನ ಯಾವತ್ತು ಕೊಡೋಣ?” ಎಂದು ನನ್ನ ಹೆಂಡತಿ ಮೊದಲ ಸಲ ಕೇಳಿದ್ದು 2022ರ ಸೆಪ್ಟೆಂಬರಿನಲ್ಲಿ. ಆ ದಿನಗಳಲ್ಲಿ ಚಿತ್ರದುರ್ಗದ ಹೋಟೆಲು, ಬಸ್‌ಸ್ಟ್ಯಾಂಡು, ಕ್ಷೌರದಂಗಡಿ ಎಲ್ಲೆಲ್ಲೂ ಒಂದೇ ಮಾತು: 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ 89 ವರ್ಷಗಳ ಮೇಲೆ ಮತ್ತೆ ಕೋಡಿ ಬಿದ್ದಿದೆ. ಹಿರಿಯೂರಿನ ದಾರಿ ಹಿಡಿದು, ನೆಂಟರಿಷ್ಟರೊಡನೆ ಹೋಗಿ, ಹರಿಯುವ ನೀರನ್ನು ಕಣ್ತುಂಬ ನೋಡಿ ಬಂದವರಲ್ಲಿ ನಾವೂ ಇದ್ದೆವು. ವೇದಾವತಿಯ ಆ ಅಣೆಕಟ್ಟು ತುಂಬಿ ಹರಿಯುವುದಕ್ಕೆ ಒಂದು ಆಯುಸ್ಸೇ ಬೇಕಾಯಿತು. ನಮ್ಮ ಮಾಳಿಗೆಯ ಮೇಲಿನದಕ್ಕೆ ಅರ್ಧ ಗಂಟೆಯ ಮಳೆ ಸಾಕು. ಒಂದೇ ಕೊರತೆಯೆಂದರೆ ಅದಕ್ಕೆ ಕೋಡಿಯಿಲ್ಲ.

ಈ ಕೆರೆ ಇರುವುದು ಮಾಳಿಗೆಯ ಈಶಾನ್ಯ ಮೂಲೆಯಲ್ಲಿ. ವಾಸ್ತು ಬಲ್ಲ ನೆಂಟರೊಬ್ಬರು ಒಮ್ಮೆ ಮೆಟ್ಟಿಲು ಹತ್ತಿ ಬಂದು ನೋಡಿ, ಈಶಾನ್ಯದಲ್ಲಿ ನೀರು ತಾನಾಗಿಯೇ ಬಂದು ನಿಲ್ಲುವುದು ಎಲ್ಲರಿಗೂ ಒದಗುವ ಭಾಗ್ಯವಲ್ಲ ಎಂದು ಹರಸಿದರು. ಅದರ ನೇರ ಕೆಳಗೇ ದೇವರ ಕೋಣೆಯಿರುವುದನ್ನೂ, ಆ ಕೋಣೆಯ ಚಾವಣಿಯಲ್ಲಿ ಕಂದು ಬಣ್ಣದ ಭೂಪಟವೊಂದು ವರ್ಷದಿಂದ ವರ್ಷಕ್ಕೆ ತನ್ನ ಗಡಿಯನ್ನು ವಿಸ್ತರಿಸಿಕೊಳ್ಳುತ್ತಿರುವುದನ್ನೂ ತೋರಿಸಿದಾಗ, ಅದಕ್ಕೂ ಶಾಸ್ತ್ರದಲ್ಲಿ ಪರಿಹಾರವಿದೆ ಎಂದರು. ಏನೆಂದು ಹೇಳದೆ ಕಾಫಿ ಕುಡಿದು ಹೊರಟರು. ನಾನು ಅಳೆದು ನೋಡಿದ್ದೇನೆ. ಒಳ್ಳೆಯ ಮಳೆಯಾದ ಮರುದಿನ ಕೆರೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲಕ್ಕೆ ಹರಡಿಕೊಂಡು, ಸರಾಸರಿ ಒಂದು ಅಂಗುಲ ಆಳವಿರುತ್ತದೆ. ಅಂದರೆ ಸುಮಾರು 236 ಲೀಟರು, ಅಷ್ಟೇ ಕಿಲೋಗ್ರಾಂ ತೂಕ. ಐದು ಅಂಗುಲ ದಪ್ಪದ ಮೋಲ್ಡಿಗೆ ಇದೊಂದು ಭಾರವೇ ಅಲ್ಲ. ಅಷ್ಟೇ ಜಾಗದ ಕಾಂಕ್ರೀಟು ತಾನೇ ಮೂರು ಟನ್ನಿನ ಹತ್ತಿರ ತೂಗುತ್ತದೆ. ನಿಂತ ನೀರಿನ ಕೇಡು ತೂಕದಲ್ಲಿಲ್ಲ, ಅದರ ಪುರುಸೊತ್ತಿನಲ್ಲಿದೆ. ಹರಿಯುವ ನೀರಿಗೆ ಬಿರುಕು ಹುಡುಕುತ್ತ ಕೂರಲು ಸಮಯವಿರುವುದಿಲ್ಲ. ನಿಂತ ನೀರಿಗೆ ಮಾಡಲು ಬೇರೆ ಕೆಲಸವೇ ಇಲ್ಲ.

ಕೂದಲೆಳೆಯಷ್ಟು ಸಂದು ಸಿಕ್ಕರೂ ಅದು ಒಳಗಿಳಿಯುತ್ತದೆ, ದಾರಿಯುದ್ದಕ್ಕೂ ಸಿಮೆಂಟಿನೊಳಗಿನ ಸುಣ್ಣವನ್ನು ಕರಗಿಸಿ ತಂದು ಚಾವಣಿಯ ಒಳಮೈಯಲ್ಲಿ ಬಿಳಿಯ ಹಕ್ಕಳೆಯಾಗಿ ಬಿಡುತ್ತದೆ, ಕೊನೆಗೆ ಕಬ್ಬಿಣದ ಕಂಬಿಯನ್ನು ಮುಟ್ಟುತ್ತದೆ. ಕಬ್ಬಿಣ ತುಕ್ಕಾಗುವಾಗ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ; ಆ ಉಬ್ಬರಕ್ಕೆ ತಾಳಲಾರದೆ ಗಾರೆ ಸಿಡಿದು ಬೀಳುತ್ತದೆ. ನಮ್ಮ ಮನೆಯಲ್ಲಿ ಅದು ಬಿದ್ದದ್ದು ಗಣಪತಿಯ ಪಟದ ಪಕ್ಕದಲ್ಲಿ, ಮಂಗಳಾರತಿಯ ಹೊತ್ತಿಗೆ ಸರಿಯಾಗಿ.

ವಿಚಿತ್ರವೆಂದರೆ ಈ ನೀರನ್ನು ಮೊಟ್ಟಮೊದಲು ಅಲ್ಲಿ ನಿಲ್ಲಿಸಿದವನು ನಾನೇ. ಮನೆಗೆ ಮೋಲ್ಡ್ ಹಾಕಿಸಿದ ಮರುದಿನ ಮೇಸ್ತ್ರಿಯವರು ಮಾಳಿಗೆಯ ತುಂಬ ಗಾರೆಯಿಂದ ಪುಟ್ಟ ಪುಟ್ಟ ಬದುಗಳನ್ನು ಕಟ್ಟಿಸಿ, ಅದನ್ನು ಭತ್ತದ ಮಡಿಗಳಂತೆ ಮಾಡಿ, ಎರಡು ವಾರ ಒಂದು ಮಡಿಯೂ ಒಣಗಬಾರದು ಎಂದು ಆಜ್ಞೆ ಮಾಡಿದ್ದರು. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು ಎಂಬುದನ್ನು ನಾನು ಅಂದು ಕಲಿತೆ. ಹೊಸ ಮೋಲ್ಡೆಂದರೆ ಹಸಿ ಬಾಣಂತಿಯಿದ್ದಂತೆ ಎಂದು ಅವರೆಂದಾಗ ನನ್ನ ತಾಯಿ, ಬಾಣಂತಿಗೆ ಯಾರಾದರೂ ತಣ್ಣೀರು ಸುರಿಯುತ್ತಾರೆಯೇ ಎಂದು ಗೊಣಗಿದ್ದರು. ಬೋರ್‌ವೆಲ್ ಕೈಕೊಟ್ಟಿದ್ದ ಬೇಸಿಗೆಯದು. ಟ್ಯಾಂಕರಿಗೆ ಹಣ ತೆತ್ತು, ಬೆಳಗ್ಗೆ ಸಂಜೆ ಕೊಡ ಹೊತ್ತು ನಿಲ್ಲಿಸಿದ ನೀರು ನಾಲ್ಕು ಗಂಟೆಯ ಬಿಸಿಲಿಗೆ ಆವಿಯಾಗಿ ಹೋಗುತ್ತಿತ್ತು. ನಿಲ್ಲು ಎಂದಾಗ ನಿಲ್ಲದ ನೀರು, ಬೇಡವೆಂದ ಮೇಲೆ ಎಂಟು ದಿನವಾದರೂ ಕದಲದು.

ಕದಲದಿರುವುದಕ್ಕೆ ಕಾರಣ ಸರಳ. ನಮ್ಮಲ್ಲಿ ಮಾಳಿಗೆ ಚಪ್ಪಟೆ ಎನ್ನುವುದು ಬಾಯಿಮಾತು ಅಷ್ಟೆ. ಒಳ್ಳೆಯ ಗಾರೆ ಕೆಲಸದವರು ನೂರಕ್ಕೆ ಒಂದರ ಲೆಕ್ಕದಲ್ಲಾದರೂ ವಾಟ ಕೊಡುತ್ತಾರೆ, ಅಂದರೆ ಹತ್ತು ಅಡಿ ದೂರಕ್ಕೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು ಇಳಿತ. ನಿಂತವರ ಕಣ್ಣಿಗೆ ಇದು ಕಾಣುವುದಿಲ್ಲ, ನೀರಿಗೆ ಕಾಣುತ್ತದೆ. ನಮ್ಮ ಮನೆಯ ವಾಟವನ್ನು ಕೊಟ್ಟ ದಿನ ಅಮಾವಾಸ್ಯೆಯ ಹಿಂದಿನ ಸಂಜೆಯಾಗಿತ್ತು. ಕೆಲಸದವರಿಗೆ ಊರಿಗೆ ಹೋಗುವ ಅವಸರವಿತ್ತು. ಹೀಗಾಗಿ ಮೂರು ದಿಕ್ಕುಗಳಿಂದ ಇಳಿದು ಬಂದ ನೀರೆಲ್ಲ ಈಶಾನ್ಯಕ್ಕೆ ಸೇರುತ್ತದೆ, ಹೊರಹೋಗುವ ಪೈಪು ಮಾತ್ರ ವಾಯವ್ಯದಲ್ಲಿದೆ. ಅದೂ ಗಾರೆಯ ಮಟ್ಟಕ್ಕಿಂತ ಒಂದು ಬೆರಳು ಮೇಲಿದ್ದು, ಊಟಕ್ಕೆ ಕರೆದು ಬಾಗಿಲಿಗೆ ಅಡ್ಡ ನಿಂತ ಮನೆಯವನಂತೆ ನೀರನ್ನು ನೋಡುತ್ತಿರುತ್ತದೆ. ಆಮೇಲೆ ನಾವೇ ಸೇರಿಸಿದ ತೊಡಕುಗಳೂ ಉಂಟು: ಟ್ಯಾಂಕಿನ ಕಟ್ಟೆ, ಡಿಶ್ ನಿಲ್ಲಿಸಲು ಹಾಕಿದ ಗಾರೆಯ ಗುಡ್ಡೆ, ಸೋಲಾರ್ ಹೀಟರಿನ ಕಾಲುಗಳು, ಬೀದಿಯ ಬೇವಿನ ಮರ ವರ್ಷಕ್ಕೊಮ್ಮೆ ಕಳುಹಿಸುವ ಎಲೆಯ ಮೂಟೆ.

ಇಷ್ಟಾದರೂ ಇಳಿಜಾರಿನ ಹೆಂಚಿನ ಮನೆ ನಮಗೇಕೆ ಬೇಡವಾಯಿತೆಂದು ಯಾರಾದರೂ ಕೇಳಿದರೆ, ಅದು ಮಲೆನಾಡಿನವರ ಪ್ರಶ್ನೆ ಎನ್ನಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ಅಲ್ಲಿ ಚಾವಣಿಯ ಕೆಲಸವೆಂದರೆ ನೀರನ್ನು ಜಾರಿಸುವುದೊಂದೇ. ಮಳೆಯ ನೆರಳಿನಲ್ಲಿರುವ ನಮಗೆ ದೊರೆಯುವುದು 600ರ ಆಸುಪಾಸು. ನಮ್ಮ ಮಾಳಿಗೆಗೆ ವರ್ಷದ ಬಹುಪಾಲು ದಿನ ಬೇರೆ ಕೆಲಸಗಳಿರುತ್ತವೆ. ಶೇಂಗಾ ಒಣಗಬೇಕು, ಮೆಣಸಿನಕಾಯಿ ಒಣಗಬೇಕು, ಸಂಡಿಗೆ ಒಣಗಬೇಕು, ಬೇಸಿಗೆಯ ರಾತ್ರಿ ಚಾಪೆ ಹಾಸಬೇಕು.

ಚಳ್ಳಕೆರೆಯ ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜನದು ಮಣ್ಣಿನ ಮಾಳಿಗೆಯಾಗಿತ್ತು. ಮರದ ತೊಲೆ, ಅದರ ಮೇಲೆ ಗಳ, ಅದರ ಮೇಲೆ ಸೊಪ್ಪುಸದೆ, ಎಲ್ಲಕ್ಕೂ ಮೇಲೆ ಮೊಣಕೈಯುದ್ದದಷ್ಟು ಮಣ್ಣು. ಈ ಹೊದಿಕೆಯ ಕಟ್ಟಕಡೆಯ ಪದರಕ್ಕೆ ಸಿಕ್ಕಸಿಕ್ಕ ಮಣ್ಣು ಆಗುತ್ತಿರಲಿಲ್ಲ. ಊರಾಚೆಯ ಕರಲು ನೆಲದಿಂದಲೇ ತರಬೇಕಿತ್ತು. ಹುಲ್ಲೂ ಹುಟ್ಟದ ಆ ಭೂಮಿಯನ್ನು ಬೇಸಾಯಗಾರರು ಶಪಿಸುತ್ತಿದ್ದರು, ಮುಂಗಾರಿಗೆ ಮುಂಚೆ ಗಾಡಿ ಕಟ್ಟಿಕೊಂಡು ಅಲ್ಲಿಗೇ ಹೋಗುತ್ತಿದ್ದರು. ಕರಲು ಮಣ್ಣಿನಲ್ಲಿರುವ ಸೋಡಿಯಂ ಉಪ್ಪು, ಮಳೆ ಬಿದ್ದೊಡನೆ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿ ಚೆದುರಿಸುತ್ತದೆ. ಚೆದುರಿದ ಕಣಗಳು ಮಣ್ಣಿನ ಸಣ್ಣ ರಂಧ್ರಗಳನ್ನೆಲ್ಲ ಮೆತ್ತಿ ಮುಚ್ಚಿಬಿಡುತ್ತವೆ. ಬೇರಿಗೆ ನೀರು ಇಳಿಯಗೊಡದೆ ಬೆಳೆಯನ್ನು ಕೊಲ್ಲುವ ಗುಣವೇ ಮಾಳಿಗೆಯನ್ನು ಕಾಯುತ್ತಿತ್ತು. ಅಜ್ಜನಿಗೆ ಸೋಡಿಯಂ ಗೊತ್ತಿರಲಿಲ್ಲ. ಆದರೆ ಒಂದು ಚಿಟಿಕೆ ಮಣ್ಣನ್ನು ನಾಲಗೆಗೆ ಮುಟ್ಟಿಸಿ, ಇದು ಆದೀತು, ಇದು ಆಗದು ಎಂದು ಹೇಳುತ್ತಿದ್ದ.

ಅದೂ ಸೋರುತ್ತಿತ್ತು, ಇಲ್ಲವೆನ್ನಲಾರೆ. ಅಡ್ಡಮಳೆ ಹಿಡಿದ ರಾತ್ರಿಗಳಲ್ಲಿ ನಡುಮನೆಯ ತುಂಬ ತಪ್ಪಲೆ, ಚರಿಗೆ, ಬೋಗುಣಿಗಳು ತಮ್ಮ ತಮ್ಮ ಶ್ರುತಿಯಲ್ಲಿ ತೊಟಗುಟ್ಟುತ್ತಿದ್ದವು. ಆಗ ಅಜ್ಜ ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಏಣಿ ಹತ್ತುತ್ತಿದ್ದ. ಒಳಗಿನಿಂದ ಅಜ್ಜಿ ಒನಕೆಯ ತುದಿಯಿಂದ ಸೋರುವ ಕಡೆಗೆ ಕುಟ್ಟಿ ಗುರುತು ಹೇಳಬೇಕು, ಮೇಲಿನಿಂದ ಅಜ್ಜ ಅಲ್ಲಿಗೆ ಹಿಡಿ ಮಣ್ಣು ಹಾಕಿ ಹಿಮ್ಮಡಿಯಲ್ಲಿ ತುಳಿಯಬೇಕು. “ಅಲ್ಲಲ್ಲ, ಇನ್ನೊಂದು ಗೇಣು ಈಚೆಗೆ!” ಎಂಬ ಅಜ್ಜಿಯ ಕೂಗು ಗುಡುಗನ್ನೂ ಮೀರಿ ಕೇಳುತ್ತಿತ್ತು. ನಿಂತ ನೀರನ್ನು ಆತ ಕಾಲಿನಿಂದಲೇ, ಮಾಳಿಗೆಯ ನೀರು ಹೊರಬೀಳುವ ದೋಣಿಯ ಕಡೆಗೆ ನೂಕುತ್ತಿದ್ದ. ವರ್ಷವೂ ಮೈಮುಟ್ಟಿ ನೋಡಿಕೊಳ್ಳಬೇಕಾದ ಮಾಳಿಗೆಯಾಗಿತ್ತು ಅದು. ನಾವಾದರೋ ಸಿಮೆಂಟಿಗೆ ದುಡ್ಡು ಕೊಟ್ಟದ್ದೇ ಇನ್ನು ಮೇಲೆ ಹತ್ತುವ ಅಗತ್ಯವಿಲ್ಲವೆಂಬ ಭರವಸೆಯಲ್ಲಿ.

ನನ್ನನ್ನು ಮತ್ತೆ ಮೇಲೆ ಹತ್ತಿಸಿದವರು ಆಶಾ ಕಾರ್ಯಕರ್ತೆ. ಡೆಂಗಿ ಹಬ್ಬಿದ್ದ ಒಂದು ಮಳೆಗಾಲದಲ್ಲಿ ಟಾರ್ಚು ಹಿಡಿದು ಬಂದ ಆಕೆ, ಈಶಾನ್ಯದ ನೀರಿನಲ್ಲಿ ಕುಣಿಯುತ್ತಿದ್ದ ಹುಳುಗಳನ್ನು ನನಗೆ ತೋರಿಸಿ, “ಸಾರ್, ನೀವು ಪಾಠ ಹೇಳಿದವರು” ಎಂದಷ್ಟೇ ಅಂದು ಗೋಡೆಯ ಮೇಲೆ ದಿನಾಂಕ ಬರೆದು ಹೋದರು. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ನೀರು ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಮುಂದಿನ ಮಳೆಗೆ ಕಾಯಬಲ್ಲವು. ನೀರು ಚೆಲ್ಲಿದರಷ್ಟೇ ಸಾಲದು, ಜಾಗವನ್ನು ಉಜ್ಜಬೇಕು. ಅಂದಿನಿಂದ ವಾರಕ್ಕೊಮ್ಮೆ ತೆಂಗಿನ ಕಡ್ಡಿಯ ಪೊರಕೆ ಹಿಡಿದು ಕೆರೆಯನ್ನು ಪೈಪಿನ ಕಡೆಗೆ ಅಟ್ಟುವುದು ನನ್ನ ನಿವೃತ್ತಿಯ ಉದ್ಯೋಗವಾಯಿತು. ನೀರು ದನಕ್ಕಿಂತ ಹಟಮಾರಿ. ಪೊರಕೆಯ ಎರಡೂ ಕಡೆಯಿಂದ ನುಸುಳಿ ತನ್ನ ಮೂಲೆಗೇ ಹೋಗಿ ಮಲಗುತ್ತದೆ.

ಸಲಹೆಗಳಿಗೆ ಕೊರತೆಯಿರಲಿಲ್ಲ. ಒಬ್ಬರು ಬಿಳಿಯ ವಾಟರ್‌ಪ್ರೂಫ್ ಬಣ್ಣ ಬಳಿಸಿದರು; ನೀರು ನಿಲ್ಲದ ಕಡೆ ಅದು ಇಂದಿಗೂ ಚೆನ್ನಾಗಿದೆ, ನಿಲ್ಲುವ ಕಡೆ ಒಂದೇ ಮಳೆಗಾಲಕ್ಕೆ ಗುಳ್ಳೆಯೆದ್ದು ಹಪ್ಪಳದಂತೆ ಕಿತ್ತುಬಂತು. ಇನ್ನೊಬ್ಬರು ತಗ್ಗಿಗೆ ಎರಡು ಅಂಗುಲ ಗಾರೆ ತುಂಬಿ ಮೇಲೆತ್ತಿಬಿಡಿ ಎಂದರು. ಲೆಕ್ಕ ಹಾಕಿದರೆ ಆ ಗಾರೆಯೇ ಒಂದು ಟನ್ ತೂಗುತ್ತಿತ್ತು. ಬಂದುಹೋಗುವ 236 ಕಿಲೋ ನೀರನ್ನು ಓಡಿಸಲು ಎಂದೂ ಹೋಗದ ಒಂದು ಟನ್ನನ್ನು ದೇವರ ತಲೆಯ ಮೇಲೆ ಹೇರಲು ನನಗೆ ಮನಸ್ಸಾಗಲಿಲ್ಲ. ಕಡೆಗೆ ನಾನೇ ಸೀಮೆಸುಣ್ಣ ಹಿಡಿದೆ. ಮೇಷ್ಟರ ಮನೆಯಲ್ಲಿ ಅದಕ್ಕೆ ಬರವೇ? ಮಳೆ ನಿಂತ ಮೇಲೆ ದಿನವೂ ಬೆಳಗ್ಗೆ ನೀರಿನ ಅಂಚಿನುದ್ದಕ್ಕೂ ಗೆರೆ ಎಳೆದು ದಿನಾಂಕ ಹಾಕಿದೆ. ಆರನೆಯ ದಿನಕ್ಕೆ ಗೆರೆಯೊಳಗೆ ಗೆರೆ ಸೇರಿ, ಹೊಂಡದ ಮೆಟ್ಟಿಲುಗಳನ್ನು ಮೇಲಿನಿಂದ ನೋಡಿದಂತೆ ಕಾಣತೊಡಗಿತು. ಕಟ್ಟಕಡೆಯ ಗೆರೆ ಊಟದ ತಟ್ಟೆಯಷ್ಟಿದ್ದು, ಪ್ಯಾರಾಪೆಟ್ಟಿನಿಂದ ಒಂದೇ ಗೇಣು ದೂರದಲ್ಲಿತ್ತು.

ಹೊಂಡದ ಮಾತು ಸುಮ್ಮನೆ ಬಂದದ್ದಲ್ಲ. ನಮ್ಮ ಮಾಳಿಗೆಯ ಮೇಲೆ ನಿಂತರೆ ಎದುರಿಗೆ ಕೋಟೆಯ ಬೆಟ್ಟ ಕಾಣುತ್ತದೆ. ಬರಿಯ ಬಂಡೆಗಳ ಆ ಬೆಟ್ಟಕ್ಕೆ ಬಿದ್ದ ಮಳೆಯನ್ನು ಹಿಂದಿನವರು ಗೋಪಾಲಸ್ವಾಮಿ ಹೊಂಡದಲ್ಲಿ ನಿಲ್ಲಿಸಿದರು. ಅದು ತುಂಬಿದರೆ ಹೆಚ್ಚಿನ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಕ್ಕಿಳಿದು ಸಿಹಿನೀರು ಹೊಂಡಕ್ಕೆ, ಪೇಟೆಯ ಸಂತೆ ಹೊಂಡಕ್ಕೆ. ಒನಕೆ ಓಬವ್ವ ಆ ಮಧ್ಯಾಹ್ನ ಕೊಡ ಹಿಡಿದು ಹೊರಟದ್ದೂ ಇಂಥದೇ ನೀರಿಗೆ; ನಾವು ಒನಕೆಯನ್ನು ನೆನೆಯುತ್ತೇವೆ, ಕೊಡವನ್ನು ಮರೆಯುತ್ತೇವೆ. ಅವರೂ ನೀರನ್ನು ನಿಲ್ಲಿಸಿದರು, ನಾನೂ ನಿಲ್ಲಿಸಿದೆ. ಅವರಿಗೆ ಮಾತ್ರ ತುಂಬಿದ ಮೇಲೆ ಅದು ಎಲ್ಲಿಗೆ ಹೋಗಬೇಕೆಂಬುದು ಕಟ್ಟುವ ಮೊದಲೇ ಗೊತ್ತಿತ್ತು.

ಈ ವರ್ಷ ಕರೆಸಿದ ಮೇಸ್ತ್ರಿ ಹೊಸಬರು, ಹುಡುಗ ಎನ್ನಬಹುದಾದ ವಯಸ್ಸು. ನನ್ನ ಗೆರೆಗಳನ್ನೆಲ್ಲ ತಾಳ್ಮೆಯಿಂದ ನೋಡಿ, “ನೀರು ನಿಂತ ಕಡೆಗೇ ತೂತು ಹಾಕಿದರಾಯ್ತಲ್ಲ ಮೇಷ್ಟ್ರೇ, ಇಷ್ಟು ದಿನ ಯಾಕೆ ಬರೆದ್ರಿ?” ಎಂದರು. ಪ್ಯಾರಾಪೆಟ್ಟಿನ ಬುಡ ಕೊರೆದು, ಬಾಯಿ ಮಾಳಿಗೆಯ ಮಟ್ಟಕ್ಕಿಂತ ಅರ್ಧ ಅಂಗುಲ ಕೆಳಗಿರುವಂತೆ ನಾಲ್ಕು ಅಂಗುಲದ ಪೈಪು ಕೂರಿಸಿ, ಸುತ್ತಲಿನ ಮೂಲೆಗೆ ಗಾರೆಯನ್ನು ದುಂಡಗೆ ತೀಡಿ, ಎಲೆ ನುಗ್ಗದಂತೆ ಜಾಲರಿ ಇಟ್ಟು, ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿಸಿದರು. ಒಂದು ಕೊಡ ನೀರು ಸುರಿದು ಪರೀಕ್ಷೆ ಮಾಡಿದೆವು. ಅದು ಎಷ್ಟು ಬೇಗ ಹೋಯಿತೆಂದರೆ ನನಗೆ ತುಸು ಬೇಸರವೇ ಆಯಿತು.

ಪೈಪಿನ ಕೆಳಗೆ ಈಗ ಇನ್ನೂರು ಲೀಟರಿನ ಎರಡು ಡ್ರಮ್ಮುಗಳಿವೆ, ಬಾಯಿಗೆ ಸೊಳ್ಳೆ ನುಸುಳದಂತೆ ಹಳೆಯ ಪಂಚೆ ಬಿಗಿದಿದೆ. ಮೊದಲಿನದು ತುಂಬಿದರೆ ಮೇಲಂಚಿನ ಕೊಳವೆಯಿಂದ ಎರಡನೆಯದಕ್ಕೆ, ಅದೂ ತುಂಬಿದರೆ ತೆಂಗಿನ ಬುಡಕ್ಕೆ. ಹೆಂಡತಿ ಅವಕ್ಕೆ ಅಕ್ಕ, ತಂಗಿ ಎಂದೇ ಹೆಸರಿಟ್ಟಿದ್ದಾಳೆ. ಕಳೆದ ವಾರದ ಮಳೆಗೆ ಅಕ್ಕ ತುಂಬಿದಳು. ತಂಗಿಗೆ ಇನ್ನೂ ಒಂದು ಗೇಣು ನೀರು ಬಂದಿದೆ ಅಷ್ಟೆ.