ಏಳು ತಿಂಗಳ ನಂತರ ತೆರೆದ ಕೋಡ್

ಹವ್ಯಾಸಕ್ಕಾಗಿ ಪ್ರೋಗ್ರಾಮಿಂಗ್ ಮಾಡುವ ಇಬ್ಬರು ಸೇರಿದರೆ ಮಾತು ಬೇಗನೆ ಒಂದೇ ಕಡೆಗೆ ತಿರುಗುತ್ತದೆ. ಯಾವ ಯಾವ ಭಾಷೆ ಕಲಿತಿರಿ, ಅವುಗಳಲ್ಲಿ ಯಾವುದು ಮೇಲು? ಈ ಮಾತುಕತೆ ನನಗೆ ಬಹಳ ಇಷ್ಟ. ಆದರೆ ಅಲ್ಲಿ ಬಳಕೆಯಾಗುವ ಅಳತೆಗೋಲುಗಳ ಬಗ್ಗೆ ನನಗೆ ಬಹುಕಾಲದಿಂದ ತಕರಾರಿದೆ. ಯಾವುದು ಹೆಚ್ಚು ವೇಗ, ಯಾವುದಕ್ಕೆ ಹೆಚ್ಚು ಉದ್ಯೋಗ, ಯಾವುದನ್ನು ದೊಡ್ಡ ಕಂಪನಿಗಳು ಬಳಸುತ್ತವೆ ಎಂಬ ಪ್ರಶ್ನೆಗಳೆಲ್ಲ ಅದೇ ಕೆಲಸದಿಂದ ಜೀವನ ಸಾಗಿಸುವವರವು. ಅವರಿಗೆ ಅವು ಸರಿ. ನಾನು ದಿನವಿಡೀ ಲೆಕ್ಕಪತ್ರ ನೋಡುವವನು. ಕೋಡ್ ಬರೆಯುವುದು ರಾತ್ರಿ ಎಲ್ಲ ಕೆಲಸ ಮುಗಿದ ಮೇಲೆ ಸಿಗುವ ಒಂದು ಗಂಟೆಯಲ್ಲಿ, ಅದೂ ಕೆಲವು ವಾರಗಳಲ್ಲಿ ಮಾತ್ರ. ವರ್ಷದ ಕೊನೆಯ ಲೆಕ್ಕ ಬಂತೆಂದರೆ ತಿಂಗಳುಗಟ್ಟಲೆ ಆ ಕಡೆ ತಲೆ ಹಾಕುವುದಿಲ್ಲ.

ಹಾಗಾಗಿ ನನ್ನ ಅಳತೆಗೋಲು ಬೇರೆ. ಅರ್ಧಕ್ಕೆ ಬಿಟ್ಟು ಹೋದವನು ಆರೇಳು ತಿಂಗಳ ನಂತರ ಹಿಂದಿರುಗಿದಾಗ ಆ ಭಾಷೆ ಅವನನ್ನು ಹೇಗೆ ಬರಮಾಡಿಕೊಳ್ಳುತ್ತದೆ? ನಾನೇ ಬರೆದದ್ದು ನನಗೆ ಓದಲು ಬರುತ್ತದೆಯೇ? ಅದು ಇನ್ನೂ ಓಡುತ್ತದೆಯೇ? ಒಂದು ಸಾಲು ಬದಲಿಸಿದರೆ ಮತ್ತೆಲ್ಲಿ ಏನು ಮುರಿಯಿತು ಎಂದು ಯಾರಾದರೂ ಹೇಳುತ್ತಾರೆಯೇ? ಬಿಡುವಿನಲ್ಲಿ ಬರೆಯುವವನಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ ಎಂದು ನಾನು ನಂಬಿದ್ದೇನೆ.

ಹೊಸ ಭಾಷೆ ಕಲಿತಾಗಲೆಲ್ಲ ನಾನು ಬರೆಯುವುದು ಒಂದೇ ಪ್ರೋಗ್ರಾಂ, ಕನ್ನಡ ಪದಬಂಧ ಹೆಣೆಯುವುದು. ಖಾಲಿ ಚೌಕಗಳ ಜಾಲವನ್ನೂ ಪದಗಳ ಪಟ್ಟಿಯನ್ನೂ ಕೊಟ್ಟರೆ ಅದು ಪದಗಳನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಹೊಂದಿಸಬೇಕು. ಒಂದು ಚೌಕಕ್ಕೆ ಒಂದು ಅಕ್ಷರ. ತೊಡಕು ಇರುವುದು ಈ ‘ಒಂದು ಅಕ್ಷರ’ ಎಂಬ ಮಾತಿನಲ್ಲಿಯೇ.

‘ಪುಸ್ತಕ’ ಎಂಬ ಪದವನ್ನು ನೋಡಿ. ನಮ್ಮ ಕಣ್ಣಿಗೆ ಅದು ಮೂರು ಅಕ್ಷರ: ಪು, ಸ್ತ, ಕ. ಜಗತ್ತಿನ ಲಿಪಿಗಳ ಚಿಹ್ನೆಗಳಿಗೆ ಸಂಖ್ಯೆ ಕೊಡುವ ಯುನಿಕೋಡ್ ಎಂಬ ವ್ಯವಸ್ಥೆ ಅದನ್ನು ಆರು ಸಂಕೇತಗಳಾಗಿ ಇಡುತ್ತದೆ. ಪ, ಕೊಂಬು, ಸ, ವಿರಾಮ (ವ್ಯಂಜನದ ಸ್ವರ ಕಳೆದು ಮುಂದಿನದನ್ನು ಒತ್ತಾಗಿಸುವ ಚಿಹ್ನೆ), ತ, ಕ. ಈ ಸಂಕೇತಗಳನ್ನು ಬೈಟ್ ಎಂಬ ಕಂಪ್ಯೂಟರಿನ ಚಿಕ್ಕ ಘಟಕಗಳಾಗಿ ಬರೆಯುವ ಯುಟಿಎಫ್-8 ರೂಪದಲ್ಲಿ ಉಳಿಸಿದಾಗ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಒಟ್ಟು 18. ಹೀಗೆ ಉಳಿಸಿದ ಪದದ ಉದ್ದ ಎಷ್ಟೆಂದು ಸಿ ಭಾಷೆಯನ್ನು ಕೇಳಿದರೆ 18 ಎನ್ನುತ್ತದೆ, ಗೋ ಎಂಬ ಭಾಷೆ ಕೂಡ 18 ಎನ್ನುತ್ತದೆ. ಪೈಥಾನ್ 3 ಮತ್ತು ಜಾವಾಸ್ಕ್ರಿಪ್ಟ್ 6 ಎನ್ನುತ್ತವೆ. ಇವುಗಳಲ್ಲಿ ಯಾವುದೂ ತಾನಾಗಿ ಮೂರು ಎನ್ನುವುದಿಲ್ಲ. ಪದವನ್ನು ತಿರುಗುಮುರುಗು ಮಾಡಲು ಹೇಳಿದರೆ ಪೈಥಾನ್ ‘ಕತ್ಸುಪ’ ಎಂದು ಕೊಡುತ್ತದೆ. ಸಕಾರಕ್ಕೆ ಒತ್ತಾಗಿದ್ದ ತಕಾರ ಮೇಲೇರಿ, ಸಕಾರವೇ ಅದರ ಒತ್ತಾಗಿರುತ್ತದೆ. ಪಕಾರದ ಕೊಂಬು ಪಕ್ಕದ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ. ಮೊದಲ ಸಲ ಇದನ್ನು ಪರದೆಯ ಮೇಲೆ ಕಂಡಾಗ ನಾನು ಬಹಳ ಹೊತ್ತು ಅದನ್ನೇ ನೋಡುತ್ತಾ ಕುಳಿತಿದ್ದೆ. ಒಂದು ಭಾಷೆ ಪದ ಎಂದರೆ ಏನೆಂದು ತಿಳಿದಿದೆ ಎಂಬುದು ಇಷ್ಟು ಸಣ್ಣ ಪ್ರಯೋಗದಲ್ಲಿ ಬಯಲಾಗುತ್ತದೆ.

ನನ್ನ ಮೊದಲ ಭಾಷೆ ಬೇಸಿಕ್. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಅದನ್ನು ರೂಪಿಸಿದರು. ವಿಜ್ಞಾನ, ಗಣಿತ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸುವಂತಾಗಬೇಕು ಎಂಬುದು ಅವರ ಆಸೆ. ಅಂದರೆ ಅದು ಹುಟ್ಟಿದ್ದೇ ನನ್ನಂಥವರಿಗಾಗಿ. ಸಾಲುಗಳಿಗೆ 10, 20, 30 ಎಂದು ಸಂಖ್ಯೆ ಕೊಡುತ್ತಿದ್ದೆವು. ಮುಂದೆ ನಡುವೆ ಏನಾದರೂ ಸೇರಿಸಬೇಕಾದರೆ ಜಾಗವಿರಲಿ ಎಂದು. 1975ರಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ, ಬೇಸಿಕ್ ಕಲಿತ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದು ಅಸಾಧ್ಯವೇ ಸರಿ, ಅವರ ಬುದ್ಧಿ ಸರಿಪಡಿಸಲಾಗದಷ್ಟು ಊನಗೊಂಡಿರುತ್ತದೆ ಎಂಬರ್ಥದ ಮಾತು ಬರೆದರು. ಅವರು ಈ ಶಾಸ್ತ್ರದ ಮಹಾನುಭಾವರು, ಅವರ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ಬರೆದ ಸಾಲು ಕೂಡಲೇ ಓಡಿ ಉತ್ತರ ಕೊಡುವುದನ್ನು ಒಂದು ಸಲ ಕಂಡ ಮಗು ಮತ್ತೆ ಮತ್ತೆ ಆ ಯಂತ್ರದ ಮುಂದೆ ಬಂದು ಕೂರುತ್ತದೆ. ಕೆಟ್ಟ ಅಭ್ಯಾಸಗಳನ್ನು ಆಮೇಲೆ ತಿದ್ದಬಹುದು. ಆ ಕುತೂಹಲ ಮೊದಲೇ ಬತ್ತಿದರೆ ತಿದ್ದಲು ಏನೂ ಉಳಿಯುವುದಿಲ್ಲ.

ಸಿ ನನಗೆ ಕಲಿಸಿದ್ದು ಯಂತ್ರದ ಒಳಮನೆಯನ್ನು. ಅಲ್ಲಿ ಪದವೆಂದರೆ ಸಾಲಾಗಿ ನಿಂತ ಬೈಟ್‌ಗಳು, ಕೊನೆಯಲ್ಲಿ ಒಂದು ಸೊನ್ನೆ. ಉದ್ದ ಅಳೆಯುವ ಫಂಕ್ಷನ್ ಆ ಸೊನ್ನೆ ಸಿಗುವವರೆಗೆ ಎಣಿಸುತ್ತಾ ಹೋಗುತ್ತದೆ. ನಾನು ‘ಪುಸ್ತಕ’ಕ್ಕೆಂದು ಸರಿಯಾಗಿ 18 ಬೈಟ್ ಜಾಗ ಮೀಸಲಿಟ್ಟೆ. ಕೊನೆಯ ಸೊನ್ನೆಗೆ ಜಾಗವೇ ಇರಲಿಲ್ಲ. ಒಂದು ದಿನ ಪ್ರೋಗ್ರಾಂ ಸರಿಯಾಗಿ ಓಡಿತು. ಮರುದಿನ ಪದಗಳ ಪಟ್ಟಿಗೆ ಇನ್ನೆರಡು ಪದ ಸೇರಿಸಿದೆ. ‘ಪುಸ್ತಕ’ದ ಬಾಲಕ್ಕೆ ಮುಂದಿನ ಪದದ ಚೂರುಗಳು ಅಂಟಿಕೊಂಡು ಬಂದವು. ತಪ್ಪು ಸಿಕ್ಕಿದ್ದು ಮೂರನೆಯ ರಾತ್ರಿ, ಕಾಗದದ ಮೇಲೆ ಹತ್ತೊಂಬತ್ತು ಚೌಕ ಎಳೆದು ಕೈಯಿಂದ ತುಂಬಿದಾಗ. ಆ ಹತ್ತೊಂಬತ್ತನೆಯ ಚೌಕವನ್ನು ನಾನು ಇಂದಿಗೂ ಮರೆತಿಲ್ಲ. ಸಿ ಬಗ್ಗೆ ಇನ್ನೊಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಬಹಳ ವರ್ಷಗಳ ಹಿಂದೆ ಬರೆದ ಆ ಕೋಡ್ ಇವತ್ತಿಗೂ ಕಂಪೈಲ್ ಆಗುತ್ತದೆ, ಅಂದರೆ ಯಂತ್ರದ ಭಾಷೆಗೆ ಅನುವಾದವಾಗುತ್ತದೆ. ಕೆಲವು ಎಚ್ಚರಿಕೆಗಳು ಬರುತ್ತವೆ, ಅಷ್ಟೇ. ಬಿಟ್ಟು ಹೋದವನಿಗೆ ಅದು ಬಾಗಿಲು ಮುಚ್ಚಲಿಲ್ಲ. ಆದರೆ ಒಳಗೆ ಕಾಲಿಟ್ಟವನಿಗೆ ಎಲ್ಲಿ ಗುಂಡಿ ಇದೆ ಎಂದೂ ಹೇಳಲಿಲ್ಲ.

ಪೈಥಾನ್ ಮೇಲೆ ನನಗಿರುವ ಪ್ರೀತಿ ದೊಡ್ಡದು, ದೂರೂ ಇದೆ. ನಾನು ಕಲಿತದ್ದು ಪೈಥಾನ್ 2. ಆಗ ‘ಪುಸ್ತಕ’ದ ಉದ್ದ ಕೇಳಿದರೆ ಅದೂ 18 ಎನ್ನುತ್ತಿತ್ತು. 2008ರಲ್ಲಿ ಬಂದ ಪೈಥಾನ್ 3 ಹಳೆಯ ಕೋಡ್‌ನೊಂದಿಗೆ ಹೊಂದುವುದಿಲ್ಲ ಎಂದು ತಿಳಿದಾಗ ಕೋಪ ಬಂತು. 2020ರ ಜನವರಿ 1ಕ್ಕೆ ಹಳೆಯದಕ್ಕೆ ಬೆಂಬಲವೂ ನಿಂತಿತು. ಆದರೆ ಆ ಮುರಿತದ ದೊಡ್ಡ ಕಾರಣಗಳಲ್ಲೊಂದು ಪಠ್ಯವನ್ನೂ ಬೈಟ್‌ಗಳನ್ನೂ ಖಚಿತವಾಗಿ ಬೇರ್ಪಡಿಸುವುದು. ಇಂಗ್ಲಿಷ್ ಒಂದನ್ನೇ ಬರೆಯುವವರಿಗೆ ಅದು ಬೇಡದ ತೊಂದರೆಯಾಗಿ ಕಂಡಿರಬಹುದು. ಕನ್ನಡ ಬರೆಯುವ ನನಗೆ ಅದು ಬಹಳ ದಿನದಿಂದ ಬರಬೇಕಿದ್ದ ಬಾಕಿ. ನನ್ನ ಹಳೆಯ ಕಡತಗಳನ್ನು ಕುಳಿತು ತಿದ್ದಿದೆ, ಮನಸ್ಸಿನಲ್ಲಿ ಬೇಸರ ಉಳಿಯಲಿಲ್ಲ.

ವೇಗದ ಮಾತು ಇಲ್ಲಿಯೇ ಮುಗಿಸಿಬಿಡುತ್ತೇನೆ. ಪದಬಂಧ ತುಂಬುವ ನನ್ನ ಪೈಥಾನ್ ಕೋಡ್ ಒಂದು ಜಾಲಕ್ಕೆ ನಲವತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಭಾಷೆ ನಿಧಾನ, ಬೇರೆಯದಕ್ಕೆ ಹೋಗು ಎಂದು ಗೆಳೆಯರು ಹೇಳಿದರು. ನಾನು ಬದಲಿಸಿದ್ದು ಕ್ರಮವನ್ನು. ಮೊದಲ ಚೌಕದಿಂದ ಸರದಿಯಾಗಿ ತುಂಬುವ ಬದಲು, ಯಾವ ಜಾಗಕ್ಕೆ ಹೊಂದುವ ಪದಗಳು ಅತಿ ಕಡಿಮೆ ಉಳಿದಿವೆಯೋ ಅದನ್ನು ಮೊದಲು ತುಂಬು ಎಂದು ಬರೆದೆ. ದಾರಿ ಮುಚ್ಚಿದ್ದು ಬೇಗ ಗೊತ್ತಾಗತೊಡಗಿತು. ಅದೇ ಪೈಥಾನ್, ಅದೇ ಯಂತ್ರ, ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಯಿತು. ವೇಗಕ್ಕಾಗಿ ಭಾಷೆ ಬದಲಿಸಲೇಬೇಕಾದ ಕೆಲಸಗಳು ಇವೆ, ಅದನ್ನು ಅಲ್ಲಗಳೆಯುವುದಿಲ್ಲ. ನಮ್ಮ ಹವ್ಯಾಸದ ಕೆಲಸಗಳು ಬಹುಪಾಲು ಅಂಥವಲ್ಲ.

ಪೈಥಾನ್ ಮೇಲಿನ ನನ್ನ ದೂರು ಬೇರೆಯದು. ಒಮ್ಮೆ ಏಳು ತಿಂಗಳ ನಂತರ ಆ ಕೋಡ್ ತೆರೆದು ಪಟ್ಟಿಗೆ ಹೊಸ ಪದಗಳನ್ನು ಸೇರಿಸಿದೆ. ಅವುಗಳಲ್ಲಿ ‘ಸಾಫ್ಟ್‌ವೇರ್’ ಇತ್ತು. ಕಣ್ಣಿಗೆ ಅದು ನಾಲ್ಕು ಅಕ್ಷರ: ಸಾ, ಫ್ಟ್, ವೇ, ರ್. ‘ಫ್ಟ್’ ಮತ್ತು ‘ವೇ’ ಒಂದಕ್ಕೊಂದು ಒತ್ತಾಗಿ ಸೇರಬಾರದೆಂದು ಅವುಗಳ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಸಂಕೇತ ಕುಳಿತಿರುತ್ತದೆ. ಅದನ್ನೂ ಸೇರಿಸಿ ಒಟ್ಟು ಸಂಕೇತಗಳು 11. ನನ್ನ ಕೋಡ್‌ಗೆ ಅಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ. ಷರತ್ತುಗಳ ಸಾಲಿನಲ್ಲಿ ಕೊನೆಯದಾದ ‘ಇನ್ನುಳಿದದ್ದಕ್ಕೆಲ್ಲ ಹೊಸ ಚೌಕ’ ಎಂಬಲ್ಲಿಗೆ ಅದು ಬಿತ್ತು. ಪದಬಂಧ ಸಿದ್ಧವಾಗಿ ಬಂತು, ಒಂದು ದೋಷ ಸಂದೇಶವೂ ಇಲ್ಲ. ನಾಲ್ಕಕ್ಷರದ ಪದ ಐದು ಚೌಕ ಹಿಡಿದಿತ್ತು, ನಡುವಿನ ಚೌಕ ಖಾಲಿ. ನಾನು ಅದನ್ನು ಮುದ್ರಿಸಿ ಕೊಟ್ಟವರೊಬ್ಬರು ಬಿಡಿಸಲು ಕುಳಿತಾಗಲೇ ತಪ್ಪು ಬೆಳಕಿಗೆ ಬಂದದ್ದು. ಅವರು ತಮಗೇ ಪದ ಹೊಳೆಯುತ್ತಿಲ್ಲ ಎಂದು ಅರ್ಧ ಗಂಟೆ ತಲೆ ಕೆಡಿಸಿಕೊಂಡಿದ್ದರು. ಆ ಅರ್ಧ ಗಂಟೆ ನನ್ನನ್ನು ಈಗಲೂ ಚುಚ್ಚುತ್ತದೆ.

ಆ ಹೊತ್ತಿಗೆ ನಾನು ರಸ್ಟ್ ಕಲಿಯತೊಡಗಿದ್ದೆ. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದಲ್ಲಿದ್ದ ಗ್ರೇಡನ್ ಹೋರ್ ಅವರ ಸ್ವಂತ ಪ್ರಯೋಗವಾಗಿ ಹುಟ್ಟಿ, 2015ರಲ್ಲಿ 1.0 ಆವೃತ್ತಿ ಕಂಡ ಭಾಷೆ ಇದು. ಕಲಿಕೆ ಸುಲಭವಲ್ಲ. ಯಾವ ಮೌಲ್ಯ ಕೋಡಿನ ಯಾವ ಭಾಗದ ಸ್ವತ್ತು, ಯಾವ ಭಾಗಕ್ಕೆ ಎಷ್ಟು ಹೊತ್ತಿನ ಕಡ ಎಂಬ ಅದರ ಕಟ್ಟುಪಾಡು ಮೊದಲ ಮೂರು ವಾರ ನನ್ನನ್ನು ಹೈರಾಣು ಮಾಡಿತು. ಪ್ರೋಗ್ರಾಮಿಂಗನ್ನೇ ಹೊಸದಾಗಿ ಕಲಿಯುವವರಿಗೆ ಇದನ್ನು ನಾನು ಹೇಳಲಾರೆ. ಆದರೆ ‘ಪುಸ್ತಕ’ದ ಮೊದಲ ಅಕ್ಷರ ಕೊಡು ಎಂದು ಪದದ ಮುಂದೆ ಸೊನ್ನೆ ಎಂಬ ಸಂಖ್ಯೆ ಬರೆದು ಕೇಳಿದಾಗ ಅದು ಕಂಪೈಲ್ ಮಾಡಲೇ ಒಪ್ಪಲಿಲ್ಲ. ನಿನಗೆ ಬೇಕಾಗಿರುವುದು ಬೈಟೋ ಸಂಕೇತವೋ, ಮೊದಲು ಅದನ್ನು ಹೇಳು ಎಂಬ ನಿಲುವು ಅದರದು. ಕನ್ನಡದ ಪದವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಭಾಷೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ರಸ್ಟ್‌ನಲ್ಲಿ ಸಂಕೇತಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದೆ: ಸ್ವರ, ವ್ಯಂಜನ, ಸ್ವರಚಿಹ್ನೆ, ವಿರಾಮ, ಅನುಸ್ವಾರ-ವಿಸರ್ಗ. ಅದನ್ನೂ ತಿಂಗಳುಗಟ್ಟಲೆ ಬಿಟ್ಟಿದ್ದೆ. ಹಿಂದಿರುಗಿ ಬಂದು, ಕಾಣದ ಸಂಕೇತ ಎಂಬ ಆರನೆಯ ಬಗೆಯನ್ನು ಒಂದೇ ಒಂದು ಸಾಲಿನಲ್ಲಿ ಸೇರಿಸಿದೆ. ಕಂಪೈಲ್ ಮಾಡುವ ಪ್ರೋಗ್ರಾಂ ಆದ ಕಂಪೈಲರ್ ಕೂಡಲೇ ನಾಲ್ಕು ಜಾಗಗಳನ್ನು ಸಾಲಿನ ಸಂಖ್ಯೆ ಸಹಿತ ತೋರಿಸಿತು: ಇಲ್ಲಿ, ಇಲ್ಲಿ, ಇಲ್ಲಿ ಮತ್ತು ಇಲ್ಲಿ ಈ ಹೊಸ ಬಗೆ ಬಂದರೆ ಏನು ಮಾಡಬೇಕೆಂದು ನೀನು ಹೇಳಿಲ್ಲ. ನಾಲ್ಕರಲ್ಲಿ ಎರಡು ಜಾಗಗಳನ್ನು ನಾನು ಪೂರ್ತಿ ಮರೆತಿದ್ದೆ. ಬರೆದವನೇ ಮರೆತದ್ದನ್ನು ಅದು ನೆನಪಿಟ್ಟುಕೊಂಡು ಕಾದಿತ್ತು. ಆ ರಾತ್ರಿ ನನಗಾದ ಸಂತೋಷವನ್ನು ವೇಗದ ಯಾವ ಪಟ್ಟಿಯೂ ಕೊಟ್ಟಿರಲಿಲ್ಲ.

ಇದನ್ನು ಹೇಳಿದಾಗ ಗೆಳೆಯರೊಬ್ಬರು ಸರಿಯಾದ ಆಕ್ಷೇಪ ಎತ್ತಿದರು. ರಸ್ಟ್‌ನಲ್ಲಿಯೂ ‘ಇನ್ನುಳಿದದ್ದಕ್ಕೆಲ್ಲ’ ಎಂದು ಬರೆದಿದ್ದರೆ ಅದೂ ಸುಮ್ಮನಿರುತ್ತಿತ್ತು. ಪೈಥಾನ್‌ನಲ್ಲಿಯೂ ಟೈಪ್ ಸೂಚನೆಗಳನ್ನು, ಅಂದರೆ ಯಾವ ಹೆಸರಿನಲ್ಲಿ ಯಾವ ಬಗೆಯ ಮೌಲ್ಯ ಇರಬೇಕೆಂಬುದನ್ನು, ಬರೆದು ಪ್ರತ್ಯೇಕ ಸಾಧನದಿಂದ ಪರೀಕ್ಷಿಸಬಹುದು ಎಂದರು. ಎರಡೂ ನಿಜ. ಆದರೆ ದಿನದ ದುಡಿಮೆ ಮುಗಿಸಿ ದಣಿದು ಕುಳಿತವನು ಮಾಡುವುದು ಭಾಷೆ ಯಾವುದನ್ನು ಸುಲಭ ಮಾಡಿದೆಯೋ ಅದನ್ನು. ಐಚ್ಛಿಕವಾದ ಶಿಸ್ತು ಆ ಹೊತ್ತಿನಲ್ಲಿ ನನ್ನಿಂದ ಆಗುವುದಿಲ್ಲ, ಕಡ್ಡಾಯವಾದದ್ದು ಆಗುತ್ತದೆ.

ಹ್ಯಾಸ್ಕೆಲ್ ಮತ್ತು ಸ್ಕೀಮ್ ಎಂಬ ಭಾಷೆಗಳೆರಡನ್ನೂ ಸ್ವಲ್ಪ ದೂರ ನಡೆದು ಬಿಟ್ಟೆ, ಅವುಗಳ ಬಗ್ಗೆ ತೀರ್ಪು ಕೊಡುವ ಹಕ್ಕು ನನಗಿಲ್ಲ. ಗೋ ಭಾಷೆಯಲ್ಲಿ ಹೆಚ್ಚು ಬರೆದಿಲ್ಲ. ಆದರೆ 2012ರಲ್ಲಿ ಅದರ ಮೊದಲ ಆವೃತ್ತಿ ಬಂದಾಗ, ಇದಕ್ಕಾಗಿ ಬರೆದ ಕೋಡ್ ಮುಂದೆಯೂ ನಡೆಯುವಂತೆ ನೋಡಿಕೊಳ್ಳುತ್ತೇವೆ ಎಂದು ಕೊಟ್ಟ ಮಾತಿಗೆ ನಾನು ತಲೆಬಾಗುತ್ತೇನೆ. ನನ್ನಂಥವರಿಗೆ ಹೊಸ ಸೌಕರ್ಯಗಳಿಗಿಂತ ಇಂಥ ಮಾತು ಹೆಚ್ಚು ಬೆಲೆಯದು.

ಜಾವಾಸ್ಕ್ರಿಪ್ಟನ್ನು ಹೀಗಳೆಯುವುದು ಒಂದು ವಾಡಿಕೆಯಾಗಿಬಿಟ್ಟಿದೆ. 1995ರಲ್ಲಿ ಬ್ರೆಂಡನ್ ಐಕ್ ಅದರ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ಮಾಡಿದರು. ಆತುರದ ಗುರುತುಗಳು ಇನ್ನೂ ಇವೆ. 10, 9, 1 ಎಂಬ ಸಂಖ್ಯೆಗಳನ್ನು ಏನೂ ಹೇಳದೆ ಕ್ರಮಕ್ಕೆ ಹಾಕಿಸಿದರೆ 1, 10, 9 ಎಂದು ಬರುತ್ತದೆ, ಏಕೆಂದರೆ ಅದು ಅವುಗಳನ್ನು ಪದಗಳಂತೆ ಹೋಲಿಸುತ್ತದೆ. ಆದರೂ ಹಿಂದೆಂದೋ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಯಾವ ಲೈಬ್ರರಿಯೂ ಇಲ್ಲದೆ ಬರೆದ ನನ್ನ ಪದಬಂಧದ ಪುಟ ಇವತ್ತೂ ಯಾವ ಬ್ರೌಸರಿನಲ್ಲಾದರೂ ತೆರೆದುಕೊಳ್ಳುತ್ತದೆ. ಹಳೆಯ ಪುಟಗಳು ಮುರಿಯಬಾರದೆಂದು ಆ ದೋಷಗಳನ್ನೂ ಹಾಗೆಯೇ ಉಳಿಸಿಕೊಂಡಿದ್ದಾರೆ. ಆಮೇಲೆ ಅಂಥ ಸಿದ್ಧ ಕೋಡಿನ ಹತ್ತಾರು ಪ್ಯಾಕೇಜ್‌ಗಳನ್ನು ಸೇರಿಸಿ ಕಟ್ಟಿದ ಇನ್ನೊಂದು ಪುಟವಾದರೋ ಒಂದೂವರೆ ವರ್ಷ ಬಿಟ್ಟು ನೋಡಿದಾಗ ಎಲ್ಲ ಭಾಗಗಳೂ ಕೂಡಿ ಸಿದ್ಧವಾಗಲೇ ಇಲ್ಲ. ಅದು ಭಾಷೆಯ ತಪ್ಪಲ್ಲ, ನಾನು ಅದರ ಮೇಲೆ ಹೇರಿದ ಹೊರೆಯ ತಪ್ಪು. ಈಗ ಬೇರೆಯವರ ಕೈಗೆ ಕೊಡುವುದನ್ನೆಲ್ಲ ಬರಿಯ ಜಾವಾಸ್ಕ್ರಿಪ್ಟಿನಲ್ಲಿ, ಒಂದೇ ಕಡತದಲ್ಲಿ ಬರೆಯುತ್ತೇನೆ. ಒಂದು ಸಂಜೆಯಲ್ಲಿ ಮುಗಿಯುವ ಕೆಲಸಕ್ಕೆ ಪೈಥಾನ್. ವರ್ಷಗಟ್ಟಲೆ ಬಿಟ್ಟು ಬಿಟ್ಟು ಮುಂದುವರಿಸಬೇಕಾದದ್ದಕ್ಕೆ ರಸ್ಟ್.

ಕಳೆದ ವಾರ ಪಟ್ಟಿಗೆ ‘ರ‍್ಯಾಂಕ್’ ಸೇರಿಸಿದೆ. ಇಲ್ಲಿ ರಕಾರ ಅರ್ಕಾವತ್ತಾಗದೆ ನೇರವಾಗಿ ನಿಂತು, ಯಕಾರ ಅದಕ್ಕೆ ಒತ್ತಾಗಿದೆ. ಹೀಗೆ ನಿಲ್ಲಿಸಲು ರಕಾರಕ್ಕೂ ವಿರಾಮಕ್ಕೂ ನಡುವೆ ಇನ್ನೊಂದು ಕಾಣದ ಸಂಕೇತ ಬೇಕು. ಹಿಂದಿನದು ಬಿಡಿಸುವ ಸಂಕೇತವಾದರೆ ಇದು ಕೂಡಿಸುವುದು. ನಾನು ಎರಡನ್ನೂ ಒಂದೇ ಬಗೆಗೆ ಸೇರಿಸಿದ್ದರಿಂದ ರಸ್ಟ್ ಪ್ರೋಗ್ರಾಂ ‘ರ‍್ಯಾಂಕ್’ ಪದವನ್ನು ತಪ್ಪಾದ ಜಾಗದಲ್ಲಿ ತುಂಡರಿಸಿತು. ಕಂಪೈಲರ್ ಏನೂ ಹೇಳಲಿಲ್ಲ. ನನಗೇ ತಿಳಿಯದ ಭೇದ ಅದಕ್ಕೆ ಹೇಗೆ ತಿಳಿಯಬೇಕು? ತಿದ್ದಲು ಹೊರಟಾಗ ಮಧ್ಯರಾತ್ರಿ ದಾಟಿತ್ತು, ಬೆಳಗಾದರೆ ವರ್ಷಾಂತ್ಯದ ಲೆಕ್ಕ ಶುರು. ಹಾಗಾಗಿ ಪ್ರೋಗ್ರಾಂ ಸರಿಯಾದ ಉತ್ತರ ಕೊಡುತ್ತದೆಯೇ ಎಂದು ತಾನಾಗಿ ನೋಡುವ ಒಂದು ಪರೀಕ್ಷೆ ಬರೆದು ಉಳಿಸಿದೆ: ‘ರ‍್ಯಾಂಕ್’ ಎಂಬುದು ಎರಡೇ ಚೌಕದಲ್ಲಿ ಕೂರಬೇಕು, ‘ರ‍್ಯಾಂ’ ಒಂದು, ‘ಕ್’ ಒಂದು. ಸದ್ಯಕ್ಕೆ ಆ ಪರೀಕ್ಷೆ ಸೋಲುತ್ತದೆ. ಮುಂದಿನ ಸಲ ಎಷ್ಟೇ ತಿಂಗಳ ನಂತರ ತೆರೆದರೂ ಮೊದಲು ಕಾಣುವ ಕೆಂಪು ಸಾಲು ಅದೇ ಆಗಿರುತ್ತದೆ.